ಅಕ್ಕ ಹುಟ್ಟಿದ ದ್ವೀಪದ ಹೆಸರು

ಮಾರ್ಚ್ 4, ಸೋಮವಾರ. ಪೋರ್ಟ್ ವಿಲಾ

ಇವತ್ತೂ ಸ್ಕೂಲಿಗೆ ಅರ್ಧ ದಿನ ರಜೆ. ಅಕ್ಕನ ಪಾಸ್‌ಪೋರ್ಟ್ ಅರ್ಜಿ ಮತ್ತೆ ವಾಪಸ್. ಮೂರನೇ ಸಲ. ಅರ್ಜಿ ತುಂಬಿಸಿಕೊಡುವ ಅಂಗಡಿಯ ರೊಸಿನಾ ಕಾಗದಗಳನ್ನು ಮೇಜಿನ ಮೇಲೆ ಹರಡಿದಳು. ಮಿಷನ್ ಆಸ್ಪತ್ರೆಯ ಜನನಪತ್ರದಲ್ಲಿ ಹಾರ್ಕೋರ್ಟ್. ಚರ್ಚಿನ ದೀಕ್ಷಾಸ್ನಾನದ ಪತ್ರದಲ್ಲಿ ಸೇಂತ್ ಆನ್ಯೆಸ್. ವೋಟರ್ ಕಾರ್ಡಿನಲ್ಲಿ ಲೆಮಾವೆ.

"ಟೀಚರ್, ಇವರು ಯಾವ ದ್ವೀಪದಲ್ಲಿ ಹುಟ್ಟಿದ್ದು?"

"ಮೂರೂ ಒಂದೇ ಕಣಮ್ಮ. ಇಬ್ಬರೂ ಒಟ್ಟಿಗೆ ಆಳ್ತಿದ್ದಾಗ ಇಂಗ್ಲಿಷರು ಹಾರ್ಕೋರ್ಟ್ ಅಂತ ಇಟ್ರು, ಫ್ರೆಂಚರು ಸೇಂತ್ ಆನ್ಯೆಸ್ ಅಂತ ಇಟ್ರು. ನಾವು ಮೊದಲಿಂದ ಲೆಮಾವೆ ಅಂತಾನೇ ಕರೀತಿದ್ವಿ."

"ಹಾಗಂತ ಆ ಕಾಲದ ಹಿರಿಯರು ಯಾರಾದ್ರೂ ಬರೆದು ಸಹಿ ಹಾಕ್ಬೇಕಂತೆ."

ಪರದೇಶದ ನೂಮೆಯಾದಲ್ಲಿ ಅಕ್ಕನ ಹೃದಯದ ಆಪರೇಷನ್ ಏಪ್ರಿಲ್ 9ಕ್ಕೆ. ಹಿರಿಯ ಅಂತ ಉಳಿದಿರೋದು ಕಲ್ತಾಪ ಮಾವ ಒಬ್ಬನೇ. ಅಮ್ಮನ ಅಣ್ಣ, ಲೆಮಾವೆಯಲ್ಲೇ ಇದ್ದಾನೆ.

ಮಾರ್ಚ್ 6

ಮಾವನಿಗೆ ಫೋನ್ ಮಾಡಿದೆ.

"ಹಾರ್ಕೋರ್ಟ್ ಬರೀತೀನಿ, ಲೆಮಾವೆ ಬರೀತೀನಿ. ಆ ಇನ್ನೊಂದು ನನ್ನ ಕೈಲಿ ಆಗಲ್ಲ."

ಕಟ್ ಮಾಡಿದ. ಮತ್ತೆ ಮಾಡಿದರೆ ಎತ್ತಲಿಲ್ಲ. ಒಂದು ಹೆಸರು... ಅಷ್ಟಕ್ಕೆ ಇಷ್ಟು ಹಠ. ಇಲ್ಲಿ ಅಕ್ಕ ನಾಲ್ಕು ಹೆಜ್ಜೆ ಇಟ್ಟರೆ ಗೋಡೆ ಹಿಡಿದು ನಿಲ್ಲುತ್ತಾಳೆ.

ಮಾರ್ಚ್ 16, ಶನಿವಾರ. ಲೆಮಾವೆ

ಹಡಗು ಐದು ದಿನ ತಡ. ಬಂದವಳೇ ಕೂತು, ಆ ಹೆಸರು ಯಾಕೆ ಬರೆಯಲ್ಲ ಅಂತ ಕೇಳಿದೆ. ಮಾವ ಗೆಣಸು ಸುಲಿಯುತ್ತಲೇ ಹೇಳಿದ.

"ಅಪ್ಪ ನನ್ನನ್ನ ಇಂಗ್ಲಿಷ್ ಸ್ಕೂಲಿಗೆ ಹಾಕಿದ, ತಮ್ಮ ಮಾರ್ಸೆಲನ್ನ ಫ್ರೆಂಚ್ ಸ್ಕೂಲಿಗೆ. ಕೊನೆಗೆ ಯಾರ ಕೈ ಮೇಲಾದ್ರೂ ಒಬ್ಬನಾದ್ರೂ ಬದುಕ್ತಾನೆ ಅಂತ. ಎಂಬತ್ತರಲ್ಲಿ ಸ್ವಾತಂತ್ರ್ಯ ಬಂದು ನಮ್ಮ ಬಾವುಟ ಏರಿದಾಗ ನಾನು ಬಾವುಟದ ಕಡೆ, ಅವನು ಫ್ರೆಂಚರ ಕಡೆ. ಎರಡು ವರ್ಷಕ್ಕೆ ತೀರಿಹೋದ. ಸಮಾಧಿ ಶಿಲುಬೆ ಮೇಲೆ ಸೇಂತ್ ಆನ್ಯೆಸ್ ಅಂತಲೇ ಕೆತ್ತಬೇಕು ಅಂತ ಹೇಳಿಹೋಗಿದ್ದ. ಅದಕ್ಕೇ ನಾನು ಮಣ್ಣಿಗೆ ಹೋಗಲಿಲ್ಲ."

ಇನ್ನೊಂದು ಗೆಣಸು ಎತ್ತಿಕೊಂಡು, "ಈಗ ಬರೆದ್ರೆ, ಆವತ್ತು ಯಾಕೆ ಬರ್ಲಿಲ್ಲ ಅಂತ ಅವನು ಕೇಳಲ್ವಾ?"

ಪಾಪ ಅನ್ನಿಸಬೇಕಿತ್ತು. ಸಿಟ್ಟು ಬಂತು.

"ಅಕ್ಕನ ಮಣ್ಣಿಗಾದ್ರೂ ಬರ್ತೀಯಾ ಮಾವ?"

ಅಂದುಬಿಟ್ಟೆ. ಚಾಕು ಕೆಳಗಿಟ್ಟು ಎದ್ದು ಹೋದ.

ಮಾರ್ಚ್ 17, ಭಾನುವಾರ

ಮಾವ ಚರ್ಚಿಗೆ ಬರಲಿಲ್ಲ. ಹುಡುಕಿಕೊಂಡು ಹೋದೆ. ಫ್ರೆಂಚರ ಕಡೆಯ ಸ್ಮಶಾನದಲ್ಲಿದ್ದ. ಮಾರ್ಸೆಲ್ ಮಾವನ ಸಮಾಧಿ ಮೇಲಿನ ಬಳ್ಳಿ ಕಿತ್ತು, ಮಂಡಿಯೂರಿ ಕೂತು, ಶಿಲುಬೆ ನೋಡಿಕೊಂಡು ಒಂದೊಂದೇ ಅಕ್ಷರ ಬರೆಯುತ್ತಿದ್ದ.

"ಸ್ಪೆಲಿಂಗ್ ಗೊತ್ತಿರಲಿಲ್ಲ," ಅಂದ. ಕಾಗದ ಕೈಗಿಟ್ಟ. ಮೂರು ಹೆಸರು, ಕೆಳಗೆ ಸಹಿ.

ನಾನೂ ಪಕ್ಕದಲ್ಲಿ ಕೂತು ಉಳಿದ ಬಳ್ಳಿ ಕಿತ್ತೆ.

ಏಪ್ರಿಲ್ 5, ಶುಕ್ರವಾರ

ಪಾಸ್‌ಪೋರ್ಟ್ ಬಂತು. ಹುಟ್ಟಿದ ಸ್ಥಳ — ಪೋರ್ಟ್ ವಿಲಾ, ನಾವಿರುವ ಈ ರಾಜಧಾನಿ. ಮೂರು ಹೆಸರಲ್ಲಿ ಒಂದೂ ಇಲ್ಲ.

"ಮತ್ತೆ ವಾಪಸ್ ಬಂದ್ರೆ ಕಷ್ಟ ಅಂತ ನಾನೇ ಹಾಕಿಬಿಟ್ಟೆ ಟೀಚರ್," ಅಂದಳು ರೊಸಿನಾ. "ಮೂರು ಕಾಗದದ ಗೊಡವೆ ಬೇಡ ಅಂತ ಇಲ್ಲೇ ಹುಟ್ಟಿದ ಹಾಗೆ ಹೊಸ ಜನನಪತ್ರ ಮಾಡಿಸಿದೆ."

ನಾನು ತಂದುಕೊಟ್ಟ ಮಾವನ ಕಾಗದ ಅವಳ ಡ್ರಾಯರ್‌ನಲ್ಲೇ ಇತ್ತು. ಕಳಿಸಿಯೇ ಇಲ್ಲ. ಕಿರುಚಬೇಕು ಅನ್ನಿಸಿತು. ಅಕ್ಕ ಕೈ ಹಿಡಿದಳು.

"ಸುಮ್ನಿರೇ. ಸೋಮವಾರ ವಿಮಾನ. ಎದೆ ಕೊಯ್ಯೋ ಡಾಕ್ಟ್ರು ಊರು ಕೇಳಲ್ಲ."

ಸಂಜೆ ಮಾವನ ಫೋನ್. ತಾನಾಗಿ ಮಾಡಿದ್ದು ಇದೇ ಮೊದಲು.

"ಬಂತಂತೆ. ಯಾವ ಹೆಸರು ಹಾಕಿದ್ರು? ಮಾರ್ಸೆಲಂದಾ?"

"ಹೂಂ ಮಾವ, ಮಾರ್ಸೆಲ್ ಮಾವಂದೇ," ಅಂದೆ.