ಅಮ್ಮನ ಭಾರ

ಮಾರ್ಚ್ ೯, ಭಾನುವಾರ

ಬೆಳಿಗ್ಗೆ ಮತ್ತದೇ ವಾದ. ನಮ್ಮವರು ಓಡಿ ಬಂದು ಕೈಗಡಿಯಾರ ತೋರಿಸಿದರು. "ನೋಡು, ನಿನಗಿಂತ ಎರಡರಷ್ಟು ಕ್ಯಾಲೊರಿ ಕರಗಿಸಿದೀನಿ. ನೀನು ಜಿಮ್ಮಲ್ಲಿ ಕಬ್ಬಿಣ ಎತ್ತಿ ಇಳಿಸಿ ಏನು ಕಡಿದು ಗುಡ್ಡೆ ಹಾಕ್ತಿದೀಯೋ!" ಲೆಕ್ಕದಲ್ಲಿ ಅವರೇ ಸರಿ. ಅಷ್ಟೇ ಹೊತ್ತಿನಲ್ಲಿ ಓಟವೇ ಹೆಚ್ಚು ಸುಡುತ್ತದೆ. ಆದರೂ ಆ ಮಾತು ದಿನವಿಡೀ ಚುಚ್ಚುತ್ತಿತ್ತು.

ಸಂಜೆ ಆಸ್ಪತ್ರೆಯಿಂದ ಅಮ್ಮನನ್ನು ಕರೆತಂದೆವು. ಕಾಲಿಗೆ ಪ್ಲಾಸ್ಟರ್, ಮನೆ ಮೂರನೇ ಮಹಡಿ, ಲಿಫ್ಟ್ ಕೆಟ್ಟಿದೆ! ನಮ್ಮವರು ಅಮ್ಮನನ್ನು ಬೆನ್ನ ಮೇಲೆ ಹೊತ್ತು ಒಂದು ಮಹಡಿ ಹತ್ತಿ, ಮೆಟ್ಟಿಲ ಮೇಲೆ ಕೂರಿಸಿಬಿಟ್ಟರು. "ಉಸಿರೇನೋ ಇದೆ ಕಣೇ, ಸೊಂಟ ಇಲ್ಲ."

ನಾನು ಕುಕ್ಕರುಗಾಲಲ್ಲಿ ಕೂತೆ. "ಬಾಮ್ಮ, ಬೆನ್ನಿಗೆ."

"ಬೇಡ ಕಣೇ, ಬಿದ್ರೆ ಇಬ್ರಿಗೂ ಪ್ಲಾಸ್ಟರ್!"

ಜಿಮ್ಮಿನಲ್ಲಿ ಏಳುವ ಹಾಗೆಯೇ ತೊಡೆಗೆ ಬಲ ಕೊಟ್ಟು ಎದ್ದೆ. ಅಯ್ಯೋ, ಎದ್ದೇಬಿಟ್ಟೆ! ಅಮ್ಮ ನನ್ನ ಕೊರಳು ಬಳಸಿ ಕಿವಿಯಲ್ಲಿ ಹೇಳಿದಳು: "ನಿನ್ನನ್ನ ನಾನು ಹೀಗೇ ಹೊತ್ಕೊಂಡು ತಿರುಗ್ತಿದ್ದೆ. ಆದ್ರೆ ನೀನು ಒದೀತಿದ್ದೆ." ನಗು ಬಂದು ನಡುವೆ ಒಮ್ಮೆ ನಿಲ್ಲಬೇಕಾಯಿತು. ಬೆನ್ನ ಮೇಲೆ ಅವಳೂ ನಗುತ್ತಿದ್ದಳು. ಆ ನಗು ನನ್ನ ಪಕ್ಕೆಲುಬಿಗೇ ತಾಕುತ್ತಿತ್ತು. ಮನೆ ಬಂದಾಗ ಅವಳನ್ನು ಇಳಿಸುವ ಮನಸ್ಸೇ ಆಗಲಿಲ್ಲ.

ಈಗ ಹಾಸಿಗೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಪಕ್ಕದ ಕೋಣೆಯಲ್ಲಿ ಅಮ್ಮ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಾಳೆ, "ನನ್ನ ಮಗಳು ಕಣೇ, ಐದು ಮಹಡಿ ಹೊತ್ಕೊಂಡು ಬಂದ್ಲು!"

ಐದಂತೆ. ಇರಲಿ, ನಾನೇಕೆ ತಿದ್ದಲಿ...