ಇಳಿಯುವ ಕಡೆಯ ಹಲಗೆ

ಅಪ್ಪ,

ನನ್ನ ಕೋಣೆಯ ಬಾಗಿಲನ್ನು ಕಳಚಿಕೊಂಡು ಹೋದವಳು ನಾನೇ. ಒಂದೇ ಮನೆಯವರ ನಡುವೆ ಬಾಗಿಲು ಯಾಕೆ ಎಂದು ನಾನು ಓದುವ ಹೋರಾಟದ ಕರಪತ್ರವೊಂದು ಕೇಳಿತ್ತು. ನನ್ನ ಬಿಎಂಎಕ್ಸ್ ಸೈಕಲ್ಲಿಗೂ ಹತ್ತಿ ಹಾರಲು ಒಂದು ಹಲಗೆ ಬೇಕಿತ್ತು. ಆದರೂ ತಪ್ಪು ತಪ್ಪೇ. ಬಡಗಿಯ ಮಗಳು ಕೇಳದೆ ಉಳಿಯನ್ನೂ ಮುಟ್ಟಬಾರದು. ನಾನು ನೀವು ಕೈಯಾರೆ ಮಾಡಿದ ಬಾಗಿಲನ್ನೇ ಎತ್ತಿಕೊಂಡು ಹೋದೆ. ನೀವು ಬೈದಿದ್ದರೆ ವಾದ ಮಾಡುತ್ತಿದ್ದೆ. ನಾಲ್ಕು ದಿನದಿಂದ ಮಾತೇ ಆಡಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಾಗಿಲನ್ನು ಮೈದಾನದಲ್ಲಿ ಇಟ್ಟಿಗೆಗಳ ಮೇಲೆ ಓರೆಯಾಗಿ ಇಟ್ಟಿದ್ದೇನೆ. ಹಾರುವ ಹಕ್ಕು ಎಲ್ಲರದು ಎಂದು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಮೊದಲೆರಡು ದಿನ ಮುಂದಿನ ಗಾಲಿ ಮಾತ್ರ ಏಳುತ್ತಿತ್ತು. ಈಗ ಎರಡೂ ನೆಲ ಬಿಡುತ್ತವೆ. ಇಳಿಯುವಾಗ ಮಾತ್ರ ಪ್ರತಿ ಸಲವೂ ಬೀಳುತ್ತೇನೆ. ನನಗೆ ಧೈರ್ಯ ಸಾಲದು ಎಂದುಕೊಂಡಿದ್ದೆ.

ನಿನ್ನೆ ನೀವು ಬೇಲಿಯಾಚೆ ನಿಂತು ನೋಡಿದಿರಂತೆ, ಅಮ್ಮ ಹೇಳಿದಳು. “ಹತ್ತೋಕೆ ಹಲಗೆ ಇಟ್ಟಿದ್ದಾಳೆ ನಿನ್ನ ಮಗಳು, ಇಳಿಯೋಕೆ ಏನೂ ಇಟ್ಟಿಲ್ಲ. ಚಪ್ಪಟೆ ನೆಲಕ್ಕೆ ಬಿದ್ರೆ ಮೂಳೆ ಉಳಿಯುತ್ತಾ?” ಅಂದಿರಂತೆ. ಅಪ್ಪ, ನಾನು ಓದಿದ ಕರಪತ್ರಗಳೆಲ್ಲ ಮೇಲೇಳಿ ಎಂದೇ ಕೂಗುತ್ತವೆ. ಇಳಿಯುವುದು ಹೇಗೆಂದು ಒಂದೂ ಹೇಳಿಲ್ಲ.

ಭಾನುವಾರ ಬಂದು ಆಚೆ ಕಡೆಗೂ ಒಂದು ಹಲಗೆ ಹಾಕಿಕೊಡುತ್ತೀರಾ? ಎಷ್ಟು ಓರೆ ಇರಬೇಕೆಂದು ನಿಮಗೇ ಗೊತ್ತು. ನೀವು ಅಳೆಯುವಾಗ ಟೇಪಿನ ಇನ್ನೊಂದು ತುದಿ ನಾನು ಹಿಡಿದುಕೊಳ್ಳುತ್ತೇನೆ. ಕೆಲಸ ಮುಗಿಯುವವರೆಗೆ ಭಾಷಣ ಮಾಡುವುದಿಲ್ಲ.

ಎರಡೂ ಮಂಡಿ ತರಚಿಕೊಂಡಿರುವ,
ನಿಮ್ಮ ಮಗಳು