ತುಂಬಿದ ಹಂಡೆಗೆ ಫುಲ್ ಮಾರ್ಕ್ಸ್

ಶಿರಾ, ಡಿಸೆಂಬರ್ 3, ಬುಧವಾರ

ನಮ್ಮ ಮಿಲ್ಲಿನಿಂದ ಕಡಲೆಬೀಜ ಕೊಳ್ಳುವ ಕಂಪನಿ ನೆಲ, ನೀರು, ಕೂಲಿಯವರಿಗೆ ಎಷ್ಟು ಒಳ್ಳೆಯದು ಮಾಡಿದೆ ಎಂದು ಅಳೆಯಲು ಸ್ನೇಹಲತಾ ಎಂಬ ಹುಡುಗಿ ಬಂದಿದ್ದಳು. ನಾವು ಬೀಜ ಆರಿಸುವ ಜಾಗದ ಪಕ್ಕದ ನೀರಿನ ಹಂಡೆ ಮಧ್ಯಾಹ್ನವಾದರೂ ತುಂಬಿರುವುದನ್ನು ಕಂಡು, "ಕುಡಿಯೋ ನೀರಿಗೆ ಫುಲ್ ಮಾರ್ಕ್ಸ್!" ಎಂದು ನಕ್ಕಳು. ನಾವು ಯಾರೂ ಕುಡಿಯುವುದಿಲ್ಲ, ಅದಕ್ಕೇ ತುಂಬಿದೆ. ಮಿಲ್ಲಿನಲ್ಲಿ ಹೆಂಗಸರಿಗೆ ಪಾಯಖಾನೆ ಇಲ್ಲವಲ್ಲ.

ಅದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ಬೀಜ ಆರಿಸುತ್ತಿದ್ದ ಜುಂಜಮ್ಮ ತೊಡೆ ಚಿವುಟಿದಳು. "ಸುಮ್ಕಿರು ಕಣಮ್ಮ ಅಮೀರ್ ಬೀ. ಕಂಪ್ನಿಯೋರು ನಮ್ ಬೀಜ ಬ್ಯಾಡ ಅಂದ್ಬುಟ್ರೆ ಮಿಲ್ಲೇ ಮುಚ್ತಾರೆ. ಆಮ್ಯಾಕೆ ನಿನ್ ಬಾಯಿ ನಮ್ಗೆ ಮುದ್ದೆ ಇಕ್ತದಾ?"

ಅವಳು ಹೇಳಿದ್ದೂ ಸುಳ್ಳಲ್ಲ. ಆದರೆ ನನ್ನ ಜೊತೆಗೇ ಕೂಲಿಗೆ ಬರುವ ಸೊಸೆ ಮಹಜಬೀನ್ ತುಂಬು ಬಸುರಿ, ಸಂಜೆ ಉರಿಮೂತ್ರ ತಾಳದೆ ಅತ್ತಳು. ಆಸ್ಪತ್ರೆಗೆ ಕರೆದೊಯ್ದರೆ, ನೀರು ಕುಡಿ ಎಂದು ಡಾಕ್ಟರು ಬೈದರು. "ಕುಡಿದ್ರೆ ತಡ್ಕೊಳ್ಳೋಕಾಗಲ್ಲ ಅಮ್ಮಿ" ಅನ್ನುತ್ತಾಳೆ.

ನಾಳೆ ಆ ಹುಡುಗಿ ಮತ್ತೆ ಬರುತ್ತಾಳೆ. ಅವಳೆದುರೇ ಎರಡು ಚೊಂಬು ಕುಡಿದು, "ಈಗ ಎಲ್ಲಿಗ್ ಹೋಗ್ಲವ್ವ, ನೀನೇ ಕರ್ಕೊಂಡ್ ಹೋಗು" ಅನ್ನುತ್ತೇನೆ.

ಜುಂಜಮ್ಮನಿಗೆ ಹೇಳಿಲ್ಲ. ಅವಳ ಒಲೆಯೂ ಇದೇ ಮಿಲ್ಲಿನಿಂದ ಉರಿಯುವುದು, ಅದೊಂದೇ ನನಗೆ ಅಳುಕು.